ಗುಂಡಿ ಒತ್ತಿದವರು ಯಾರು? ಹೈಸ್ಕೂಲ್ ರಾಕ್ ಹಾಸ್ಯಚಿತ್ರಗಳನ್ನು ನೋಡುವ ಬಗೆ

ಹದಿಹರೆಯದ ಬಂಡಾಯವನ್ನು ರಾಕ್ ಸಂಗೀತದೊಡನೆ ಹೆಣೆದ ಅಮೆರಿಕದ ಹೈಸ್ಕೂಲ್ ಹಾಸ್ಯಚಿತ್ರಗಳನ್ನು ನೋಡಲು ಕುಳಿತಾಗ ಕಥೆಗಿಂತ ಮೊದಲು ಸದ್ದಿನ ಜಾಡು ಹಿಡಿಯುವುದು ಒಳ್ಳೆಯದು. ಕಥೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಒಂದು ನಿಯಮ, ಅದನ್ನು ಮುರಿಯುವ ಮಕ್ಕಳು, ಕೆಂಡಕಾರುವ ಹಿರಿಯರು. ಹಾಡು ಎಲ್ಲಿಂದ ಹೊರಡುತ್ತದೆ, ಅದನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದು ಮಾತ್ರ ಚಿತ್ರದಿಂದ ಚಿತ್ರಕ್ಕೆ ಬೇರೆಯಾಗುತ್ತದೆ. ಆದ್ದರಿಂದ ಒಂದು ಹಾಳೆ ಇಟ್ಟುಕೊಂಡು, ಹಾಡು ಬಂದಾಗಲೆಲ್ಲ ಅದು ಪಾತ್ರಗಳಿಗೂ ಕೇಳಿಸುತ್ತಿದೆಯೇ ಇಲ್ಲವೇ ಎಂದು ಬರೆದುಕೊಳ್ಳಿ. ಕೇಳಿಸುತ್ತಿದ್ದರೆ, ಗುಂಡಿ ಒತ್ತಿದವರು ಯಾರು ಎಂಬುದನ್ನೂ ಗುರುತಿಸಿ.

ಅಭ್ಯಾಸಕ್ಕೆ 1979ರ ‘ರಾಕ್ ಎನ್ ರೋಲ್ ಹೈಸ್ಕೂಲ್’ಗಿಂತ ಅನುಕೂಲವಾದ ಚಿತ್ರ ನನಗೆ ಸಿಕ್ಕಿಲ್ಲ. ಅಲನ್ ಆರ್ಕಶ್ ನಿರ್ದೇಶನದ ಈ ಚಿತ್ರದಲ್ಲಿ ರಿಫ್ ರ‍್ಯಾಂಡೆಲ್ ಎಂಬ ಹುಡುಗಿ ಶಾಲೆಯ ಧ್ವನಿವರ್ಧಕದಲ್ಲೇ ರಮೋನ್ಸ್ ತಂಡದ ಹಾಡು ಹಾಕುತ್ತಾಳೆ; ಆವರಣವೆಲ್ಲ ಕುಣಿಯತೊಡಗುತ್ತದೆ. ಅವಳು ಯಾರನ್ನೂ ಬೈಯುವುದಿಲ್ಲ, ಯಾವ ಬೇಡಿಕೆಯನ್ನೂ ಮುಂದಿಡುವುದಿಲ್ಲ. ಆದೇಶಗಳು ಇಳಿದುಬರುವ ದಾರಿಯನ್ನೇ ಹಾಡಿಗೆ ಬಿಟ್ಟುಕೊಟ್ಟಿದ್ದಾಳೆ, ಅಷ್ಟೇ. ಹೊಸದಾಗಿ ಬಂದ ಪ್ರಾಂಶುಪಾಲೆ ಮಿಸ್ ಟೋಗರ್‌ಗೆ ಅದು ಸಹಿಸಲಾಗದ ಸಂಗತಿಯೆನಿಸುವುದೂ ಅದಕ್ಕಾಗಿಯೇ. ರಾಕ್ ಕೇಳಿದರೆ ಏನಾಗುತ್ತದೆಂದು ತೋರಿಸಲು ಇಲಿಗಳಿಗೆ ಆ ಸಂಗೀತ ಕೇಳಿಸಲಾಗುತ್ತದೆ, ಇಲಿಗಳು ಸಿಡಿದುಹೋಗುತ್ತವೆ. ಇಂಥ ಹಾಸ್ಯವನ್ನು ನಕ್ಕು ಮರೆಯಬೇಡಿ. ಹಿರಿಯರು ತಮ್ಮ ಭಯಕ್ಕೆ ವಿಜ್ಞಾನದ ಅಂಗಿ ತೊಡಿಸುವ ಪರಿಯನ್ನು ಭಾಷಣವಿಲ್ಲದೆ ತೋರಿಸಿಬಿಡುವ ದೃಶ್ಯವದು.

ಮುಂದೆ ಒಂದು ಪರೀಕ್ಷೆ ಮಾಡಿ ನೋಡಿ. ಅದೇ ದೃಶ್ಯಕ್ಕೆ ಬೇರೆ ಸಂಗೀತವನ್ನು ಮನಸ್ಸಿನಲ್ಲೇ ಜೋಡಿಸಿ. ಏನೂ ಕೆಡದಿದ್ದರೆ ರಾಕ್ ಅಲ್ಲಿ ಬರಿಯ ಅಲಂಕಾರ. ಇದು ನನ್ನ ಕಲ್ಪನೆಯ ಆಟವಷ್ಟೇ ಅಲ್ಲ, ಏಕೆಂದರೆ ಈ ಚಿತ್ರದ ಹಿಂದಿದ್ದ ನಿರ್ಮಾಪಕ ರಾಜರ್ ಕಾರ್ಮನ್ ಅವರಿಗೆ ಮೊದಲು ಡಿಸ್ಕೋ ಚಿತ್ರ ಮಾಡುವ ಮನಸ್ಸಿತ್ತು. ಕೊನೆಯಲ್ಲಿ ಶಾಲೆಯ ಕಟ್ಟಡವೇ ಸ್ಫೋಟಗೊಳ್ಳುವ ಕಥೆಯನ್ನು ನುಣುಪಾದ ಡಿಸ್ಕೋ ತಾಳದ ಮೇಲೆ ಒಮ್ಮೆ ಊಹಿಸಿಕೊಂಡರೆ, ಗಡಿಬಿಡಿಯ, ಒರಟು ಗಿಟಾರಿನ ರಮೋನ್ಸ್ ಏಕೆ ಬೇಕಾಯಿತೆಂಬುದು ಕಿವಿಗೇ ತಿಳಿಯುತ್ತದೆ.

ಹಾಡಿನ ಜೊತೆಗೆ ಹಾಡು ಹೊತ್ತ ವಸ್ತುಗಳ ಮೇಲೂ ಕಣ್ಣಿರಲಿ: ರೆಕಾರ್ಡು, ಟಿಕೆಟ್ಟು, ರೇಡಿಯೊ. 1955ರ ‘ಬ್ಲ್ಯಾಕ್‌ಬೋರ್ಡ್ ಜಂಗಲ್’ ಹಾಸ್ಯಚಿತ್ರವಲ್ಲ, ಆದರೂ ಹೋಲಿಕೆಗೆ ಅದನ್ನು ನೋಡಲೇಬೇಕು. ಬಿಲ್ ಹೇಲಿಯ ‘ರಾಕ್ ಅರೌಂಡ್ ದ ಕ್ಲಾಕ್’ನೊಂದಿಗೆ ಶುರುವಾಗುವ ಆ ಚಿತ್ರದಲ್ಲಿ, ಮೇಷ್ಟರೊಬ್ಬರು ಆಸೆಯಿಂದ ತರಗತಿಗೆ ತಂದ ಜಾಝ್ ರೆಕಾರ್ಡುಗಳನ್ನು ವಿದ್ಯಾರ್ಥಿಗಳು ಒಡೆದುಹಾಕುತ್ತಾರೆ. 1979ರ ಹಾಸ್ಯಚಿತ್ರದಲ್ಲಿ ಇದು ತಿರುವುಮುರುವಾಗಿದೆ. ಮಕ್ಕಳ ರೆಕಾರ್ಡುಗಳನ್ನು ರಾಶಿ ಹಾಕಿ ಸುಡಹೊರಟವರು ಹಿರಿಯರು. 1999ರ ‘ಡೆಟ್ರಾಯಿಟ್ ರಾಕ್ ಸಿಟಿ’ಯಲ್ಲಿ ಕಿಸ್ ತಂಡದ ಕಛೇರಿಯ ಟಿಕೆಟ್‌ಗಳನ್ನು ತಾಯಿಯೇ ಸುಡುತ್ತಾಳೆ. ಯಾರ ವಸ್ತುವನ್ನು ಯಾರು ನಾಶಮಾಡುತ್ತಾರೆಂಬುದನ್ನು ಬರೆದಿಟ್ಟುಕೊಂಡರೆ ಚಿತ್ರದ ಸಹಾನುಭೂತಿ ಎತ್ತ ವಾಲಿದೆಯೆಂದು ಬೇರೆ ಹುಡುಕಬೇಕಾಗಿಲ್ಲ.

ಹಿರಿಯರಲ್ಲಿ ಮನಸ್ಸು ಬದಲಿಸುವ ಒಬ್ಬರಾದರೂ ಇದ್ದಾರೆಯೇ ಎಂದೂ ನೋಡಿ. ಟೋಗರ್‌ಳ ಶಾಲೆಯ ಸಂಗೀತದ ಮೇಷ್ಟರು ರಮೋನ್ಸ್ ತಂಡದ ಕಛೇರಿ ಕೇಳಿದ ಮೇಲೆ ಮಕ್ಕಳ ಕಡೆಯವರಾಗುತ್ತಾರೆ. 2003ರ ‘ಸ್ಕೂಲ್ ಆಫ್ ರಾಕ್’ ಇನ್ನೂ ಮುಂದೆ ಹೋಗಿ, ಬಂಡಾಯವನ್ನು ಮೇಷ್ಟರೇ ಪಾಠವಾಗಿ ಹೇಳಿಕೊಡುತ್ತಾರೆ. ಅಲ್ಲಿನ ಮಕ್ಕಳು ಹೈಸ್ಕೂಲಿಗಿಂತ ಚಿಕ್ಕವರು. ಚಿತ್ರ ಸೊಗಸಾಗಿದ್ದರೂ ಗುಂಡಿ ಅವರ ಕೈಗೆ ಬರುವುದು ತಡವಾಗಿ ಎಂಬುದು ನನ್ನ ಸಣ್ಣ ತಕರಾರು.

ಕೊನೆಯ ದೃಶ್ಯವನ್ನು ಮಾತ್ರ ಎರಡು ಸಲ ನೋಡಿ. 1985ರ ‘ದ ಬ್ರೇಕ್‌ಫಾಸ್ಟ್ ಕ್ಲಬ್’ನ ಕೊನೆಗೆ ಬೆಂಡರ್ ಎಂಬ ಹುಡುಗ ಖಾಲಿ ಮೈದಾನದಲ್ಲಿ ನಡೆಯುತ್ತ ಮುಷ್ಟಿ ಎತ್ತುತ್ತಾನೆ. ಸಿಂಪಲ್ ಮೈಂಡ್ಸ್ ತಂಡದ ಹಾಡು ಮೊಳಗುತ್ತದೆ, ಆದರೆ ಆ ಮೈದಾನದಲ್ಲಿ ಧ್ವನಿವರ್ಧಕವಿಲ್ಲ. ಗೆಲುವಿನ ಸದ್ದು ನಮ್ಮ ಕಿವಿಗಷ್ಟೇ ಬಿದ್ದಿದೆ, ಅವನದೇನಿದ್ದರೂ ಎತ್ತಿದ ಕೈ. 1976ರಲ್ಲಿ ನಡೆಯುವ ಕಥೆಯುಳ್ಳ ‘ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್’ (1993) ಹೀಗೆ ಮಾಡುವುದಿಲ್ಲ. ರಾತ್ರಿಯೆಲ್ಲ ಸುತ್ತಾಡಿ ಬೆಳಗಾದ ಮೇಲೆ ಮನೆಗೆ ಬಂದ ಮಿಚ್ ಎಂಬ ಕಿರಿಯ ಹುಡುಗ, ಮಂಚದ ಮೇಲೆ ಉರುಳಿ ಹೆಡ್‌ಫೋನ್ ಹಾಕಿಕೊಳ್ಳುತ್ತಾನೆ. ಫೋಗ್‌ಹ್ಯಾಟ್ ತಂಡದ ‘ಸ್ಲೋ ರೈಡ್’ ಶುರುವಾಗುತ್ತದೆ. ಅದೇ ಹಾಡು ನಿಲ್ಲದೆ ಸಾಗಿ, ಮುಂದಿನ ಚಿತ್ರಿಕೆಯಲ್ಲಿ ಏರೋಸ್ಮಿತ್ ಕಛೇರಿಯ ಟಿಕೆಟ್ ತರಲು ಹೊರಟ ದೊಡ್ಡ ಹುಡುಗರ ಕಾರಿನ ಮೇಲೆ ಹರಡಿಕೊಳ್ಳುತ್ತದೆ.