ಕೆಂಪಾದ ಹಳೇ ಮದುವೆ ಫೋಟೊಗಳಿಗೆ ಮಲ್ಟಿಪ್ಲೈ: ನನ್ನ ಅನುಭವ

"ಮಲ್ಟಿಪ್ಲೈ ಹಾಕಿದ್ರೆ ಕಪ್ಪಾಗತ್ತೆ ಅಷ್ಟೆ, ಹೋದ ಬಣ್ಣ ಎಲ್ಲಿಂದ ಬರತ್ತೆ?" ಅಂತ ನಮ್ಮೂರಿನ ಸ್ಟುಡಿಯೊದವರು ನಕ್ಕಿದ್ದರು. ಈಗ ಷಷ್ಟ್ಯಬ್ದಿ ಸೀಸನ್ ಬಂದರೆ ಹಳೇ ಪ್ರಿಂಟುಗಳನ್ನ ಕವರಿಗೆ ಹಾಕಿ ನನಗೆ ಕಳಿಸೋದು ಅವರೇ. ಆದ್ದರಿಂದ ಬರೆದೇಬಿಡ್ತೀನಿ. ಮಲ್ಟಿಪ್ಲೈ ಅಂದರೆ ಫೋಟೊಶಾಪ್‌ನಲ್ಲಿ ಒಂದು ಚಿತ್ರದ ಮೇಲೆ ಇನ್ನೊಂದನ್ನ ಗುಣಿಸಿದ ಹಾಗೆ ಕೂಡಿಸಿ ಗಾಢ ಮಾಡೋ ಮೋಡ್.

70–80ರ ದಶಕದ ಕಲರ್ ಪ್ರಿಂಟುಗಳು ಟ್ರಂಕಿನಲ್ಲೇ ಇದ್ದು ಸಯಾನ್ ಡೈ (ನೀಲಿ-ಹಸಿರು ಬಣ್ಣ) ಹೋಗಿ ಕೆಂಪಾಗಿರ್ತವೆ, ನಿಮಗೂ ಗೊತ್ತು. ಆಟೊ ಕಲರ್ ಕೊಟ್ಟರೆ ಮುಖಕ್ಕೆ ಸುಣ್ಣ ಬಳಿದ ಹಾಗೆ. ಕಲರ್ ಬ್ಯಾಲೆನ್ಸ್ ಎಳೆದರೆ ನೆರಳೆಲ್ಲ ಹಸಿರು. ಇಡೀ ಲೇಯರ್ (ಚಿತ್ರದ ಪದರ) ಕಾಪಿ ಮಾಡಿ ಮಲ್ಟಿಪ್ಲೈ ಕೊಟ್ಟರೆ ಕೆಂಪೂ ಜೊತೆಗೇ ಗಾಢವಾಗತ್ತೆ.

ಚಾನೆಲ್, ಅಂದರೆ ಫೋಟೊದ ಕೆಂಪು, ಹಸಿರು, ನೀಲಿ ಭಾಗ, ಒಂದೊಂದೇ ಕಪ್ಪುಬಿಳುಪಾಗಿ ತೆರೆದು ನೋಡಿದಾಗ ದಾರಿ ಸಿಕ್ತು. ರೆಡ್ ಬೆಳ್ಳಗೆ ಬಿದ್ದಿತ್ತು, ಗ್ರೀನಿನಲ್ಲಿ ಸೀರೆಯ ಜರಿ ಗೆರೆ ಸಮೇತ ಉಳಿದಿತ್ತು. ಒಂದು ಚಾನೆಲನ್ನ ಇನ್ನೊಂದಕ್ಕೆ ಬೆರೆಸೋ ಅಪ್ಲೈ ಇಮೇಜ್‌ನಲ್ಲಿ ಗ್ರೀನನ್ನ ರೆಡ್ ಮೇಲೆ ಮಲ್ಟಿಪ್ಲೈ ಮಾಡಿದೆ, ಸುಮಾರು 60 ಪರ್ಸೆಂಟ್. ಕೂದಲು ಕಪ್ಪಾಯ್ತು, ಪಂಚೆಯ ಗುಲಾಬಿ ಛಾಯೆ ಇಳೀತು.

ಆದರೆ ಕುಂಕುಮ ಕಾಫಿಪುಡಿ ಬಣ್ಣಕ್ಕೆ ತಿರುಗಿತು! ಕೆಂಪು ವಸ್ತು ಗ್ರೀನ್ ಚಾನೆಲ್‌ನಲ್ಲಿ ಕಪ್ಪಾಗೇ ಇರತ್ತಲ್ಲ. ಧಾರೆ ಸೀರೆಯೂ ಕಂದು. "ಇದು ನನ್ನ ಸೀರೆನೇ ಅಲ್ಲ" ಅಂತ ಒಬ್ಬರು ಅಡ್ವಾನ್ಸ್ ವಾಪಸ್ ತಗೊಂಡು ಹೋದರು. ಈಗ ಕುಂಕುಮ, ತುಟಿ, ಸೀರೆ ಇರೋ ಜಾಗಕ್ಕೆ ಮಾಸ್ಕ್ ಹಾಕಿ ಪರಿಣಾಮವನ್ನ ಕಾಲು ಭಾಗಕ್ಕಿಳಿಸ್ತೀನಿ. ಮೇಲೊಂದು ಖಾಲಿ ಲೇಯರನ್ನ ಕಲರ್ ಮೋಡಿನಲ್ಲಿಟ್ಟು (ಬೆಳಕು-ನೆರಳು ಹಾಗೇ ಇದ್ದು ಬಣ್ಣ ಮಾತ್ರ ಬದಲಾಗತ್ತೆ), ನೆರಿಗೆಯ ಒಳಗೆ ಉಳಿದ ಬಣ್ಣವನ್ನೇ ಎತ್ತಿ ಕಡಿಮೆ ಫ್ಲೋದಲ್ಲಿ ಬ್ರಶ್ ಆಡಿಸ್ತೀನಿ. ಚರ್ಮಕ್ಕೆ ಬ್ಲೆಂಡ್ ಇಫ್, ಅಂದರೆ ಲೇಯರ್ ಎಷ್ಟು ಬೆಳಕಿನ ಜಾಗದಲ್ಲಿ ಕಾಣಬೇಕು ಅಂತ ಹೇಳೋ ಸ್ಲೈಡರ್. ಆಲ್ಟ್ ಒತ್ತಿ ಸ್ಲೈಡರ್ ಸೀಳಬೇಕು; ಎಷ್ಟಕ್ಕೆ ಸೀಳೋದು ಅನ್ನೋದು ಮಾತ್ರ ಅಂಗಡಿ ಗುಟ್ಟು. ಕೊನೆಗೆ ಬೆಳಕು-ನೆರಳು ತಿದ್ದೋ ಕರ್ವ್ಸ್, ಲ್ಯೂಮಿನಾಸಿಟಿ (ಬೆಳಕು ಮಾತ್ರ) ಮೋಡಿನಲ್ಲಿ, ಬಣ್ಣ ಜಿಗಿಯದ ಹಾಗೆ.

ದುಡ್ಡು ಹೋಗಿದ್ದು ಪ್ರಿಂಟಿನಲ್ಲಿ. ಪರದೆ ಮೇಲೆ ಚೆನ್ನಾಗಿದ್ದ ಫೋಟೊ 12x18 ಮ್ಯಾಟ್ ಪೇಪರಿನಲ್ಲಿ ಬಂದಾಗ ವರನ ಕೋಟೂ ಮಂಟಪದ ನೆರಳೂ ಒಂದೇ ಮುದ್ದೆ. ಆರೇಳುನೂರು ರೂಪಾಯಿ ಅಲ್ಲೇ ನೀರುಪಾಲು. ಅಂದಿನಿಂದ ಪ್ರಿಂಟಿಗೆ ಕಳಿಸೋ ಫೈಲಿನಲ್ಲಿ ನೆರಳಿಗಷ್ಟೇ ಸ್ಕ್ರೀನ್ ಮೋಡ್ (ಮಲ್ಟಿಪ್ಲೈನ ಉಲ್ಟಾ, ತಿಳಿ ಮಾಡತ್ತೆ), 15–20 ಪರ್ಸೆಂಟ್. ಮೊದಲು ಫೋಟೊಗೆ 150 ಕೇಳ್ತಿದ್ದೆ, ಈಗ 800, ಗ್ರೂಪ್ ಫೋಟೊ ಆದರೆ 1200ರ ಹತ್ತಿರ. ಹನ್ನೊಂದು ಸಾವಿರಕ್ಕೋ ಏನೋ ತಗೊಂಡ ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ದುಡ್ಡು ಒಂದೇ ವೈಶಾಖದಲ್ಲಿ ಹುಟ್ಟಿತು.

ಮೇಲೆಲ್ಲ ಸಣ್ಣ ಉಬ್ಬುಗಳಿರೋ ಸಿಲ್ಕ್ ಫಿನಿಶ್ ಪ್ರಿಂಟು ಸ್ಕ್ಯಾನ್ ಮಾಡಿದರೆ ಮುಖದ ತುಂಬ ಬಿಳಿ ಚುಕ್ಕೆ ಬರತ್ತಲ್ಲ, ಅದಕ್ಕೂ ಒಂದು ಆಟ ಆಡಿ ನೋಡಿದೆ. ಅದೇ ಪ್ರಿಂಟನ್ನ ತಲೆಕೆಳಗಾಗಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿ, ಫೈಲನ್ನ ನೇರಕ್ಕೆ ತಿರುಗಿಸಿ ಮೇಲಿನ ಲೇಯರಾಗಿಡಿ. ಹೊಳಪು ಈಗ ಉಬ್ಬಿನ ಆ ಕಡೆಗೆ ಬಿದ್ದಿರತ್ತೆ. ಎರಡರ ವ್ಯತ್ಯಾಸ ಮಾತ್ರ ತೋರಿಸೋ ಡಿಫರೆನ್ಸ್ ಮೋಡಿನಲ್ಲಿಟ್ಟು ಚುಕ್ಕೆ ಬಿಟ್ಟು ಉಳಿದದ್ದೆಲ್ಲ ಹೆಚ್ಚುಕಮ್ಮಿ ಕಪ್ಪಾಗೋವರೆಗೆ ಸರಿಸಿ, ಆಮೇಲೆ ಎರಡರಲ್ಲಿ ಕಪ್ಪಗಿರೋದನ್ನೇ ಉಳಿಸೋ ಡಾರ್ಕನ್ ಮೋಡ್. ಚುಕ್ಕೆ ಮುಕ್ಕಾಲು ಪಾಲು ಮಾಯ. ಪ್ರಿಂಟು ಸುರುಳಿ ಬಿದ್ದಿದ್ದರೆ ಮಾತ್ರ ಎರಡೂ ಕೂರೋದೇ ಇಲ್ಲ, ಸುಮ್ಮನೆ ಸಮಯ ಕಳೀಬೇಡಿ.

ಗಿಂಪ್ (ಉಚಿತ ಫೋಟೊ ಸಾಫ್ಟ್‌ವೇರ್) ಇರೋರು ಡಿಕಂಪೋಸ್ ಮಾಡಿ (ಚಾನೆಲ್‌ಗಳನ್ನ ಬೇರೆಬೇರೆ ಲೇಯರ್ ಮಾಡಿ), ಗ್ರೀನ್ ಲೇಯರ್ ಕಾಪಿಯನ್ನ ರೆಡ್ ಮೇಲಿಟ್ಟು ಮಲ್ಟಿಪ್ಲೈ ಮಾಡಿ ಮರ್ಜ್ ಮಾಡಿ, ಆಮೇಲೆ ವಾಪಸ್ ಕಂಪೋಸ್ ಮಾಡಿದರೆ ಕೆಲಸ ಆಗತ್ತೆ. 2.10 ಆವೃತ್ತಿಯಿಂದೀಚೆಗೆ ಅದರ ಡಿಫಾಲ್ಟ್ ಮಲ್ಟಿಪ್ಲೈ ಲೀನಿಯರ್ ಲೆಕ್ಕದಲ್ಲಿ (ನಿಜವಾದ ಬೆಳಕಿನ ಪ್ರಮಾಣದಲ್ಲಿ) ನಡೆಯತ್ತೆ, ಹಾಗಾಗಿ ಫಲಿತಾಂಶ ಬೇರೆ ಬರತ್ತೆ. ಹಳೇ ಮೋಡುಗಳಿರೋ ಲೆಗಸಿ ಗುಂಪಿಗೆ ಬದಲಿಸಿಕೊಂಡರೆ ನನ್ನ 60 ಪರ್ಸೆಂಟ್ ಹತ್ತಿರಹತ್ತಿರ ತಾಳೆ ಆಗತ್ತೆ.