ಗೋಣಿತಾಟಿನ ಮೇಲೆ ತೋಲೋಲಿಂಗ್: ಶಿರಸಿಯಲ್ಲಿ ನಾನು ಕಟ್ಟಿದ ಪಫ್ ರೇಂಜ್

ಪಫ್ ರೇಂಜ್ ಅಂದರೆ ತೋಪಿನ ಗುಂಡು ಬಿದ್ದ ಹಾಗೆ ಹೊಗೆ ಏಳಿಸಿ, ಗುರಿ ತಿದ್ದೋದನ್ನು ಕಲಿಸುವ ಗುಡ್ಡ ಕಣಿವೆಯ ಮಾದರಿ. ಅದು ರೆಜಿಮೆಂಟಿನ ಕೆಲಸ, ಮನೆಯಲ್ಲಿ ಆಗೋದಲ್ಲ ಅಂದವರೇ ಜಾಸ್ತಿ. ಈಗ ನಮ್ಮ ಅಡಿಕೆ ಅಟ್ಟದ ಕೆಳಗೆ ಹನ್ನೆರಡಡಿ ಉದ್ದ, ಎಂಟಡಿ ಅಗಲದ ರೇಂಜ್ ನಡೆಯುತ್ತಿದೆ. ಸೇನೆಗೆ ಸೇರಬೇಕೆಂದು ಓಡುತ್ತಿರುವ ಶಿರಸಿ, ಸಿದ್ದಾಪುರದ ಹುಡುಗರು ಅದರ ಮುಂದೆ ಕೂತು ಫೈರ್ ತಿದ್ದುತ್ತಾರೆ.

ನಾನು ತೋಪಖಾನೆಯಲ್ಲಿ ಓಪಿ ಪಾರ್ಟಿಯಲ್ಲಿದ್ದವನು, ಅಂದರೆ ಮುಂದೆ ಕೂತು ಗುಂಡು ಎಲ್ಲಿ ಬಿತ್ತೆಂದು ನೋಡಿ ಹಿಂದಿನ ತೋಪುಗಳಿಗೆ ಹೇಳುವ ತಂಡದಲ್ಲಿ. ಕಾರವಾರದ ನಿವೃತ್ತ ಸುಬೇದಾರ್ ಸಾಹೇಬರೊಬ್ಬರು ಕೇಳಿದ್ದರು, "ಎಂತಕ್ಕೆ ಮಾರಾಯಾ ಈ ಗೋಣಿಯ ಕಾರುಬಾರು? ವಿಡಿಯೋ ತೋರಿಸು, ಸಾಕು." ವಿಡಿಯೋದಲ್ಲಿ ಗುಂಡು ಬಿದ್ದದ್ದು ಕಾಣುತ್ತದೆ, ನಿಜ. ಆಚೆ ಬಿತ್ತೋ ಈಚೆ ಬಿತ್ತೋ ಎಂದು ಹೇಳುವ ಕಣ್ಣು ಬರೋದಿಲ್ಲ. ಹೊಗೆ ಗುರಿಯನ್ನು ಮುಚ್ಚಿದರೆ ಈಚೆ. ಹೊಗೆಯ ಎದುರು ಗುರಿ ಎದ್ದು ಕಂಡರೆ ಆಚೆ. ಅದನ್ನು ಗಾಳಿ ಹೊಗೆಯನ್ನು ಒಯ್ಯುವ ಮೊದಲೇ ಹೇಳಬೇಕಲ್ಲ, ಕಷ್ಟ ಇರೋದು ಅಲ್ಲಿ.

ಚೌಕಟ್ಟು ಅಡಿಕೆ ದಬ್ಬೆಯದು, ಮನೆಯಲ್ಲೇ ಇತ್ತು. ಗುಡ್ಡಕ್ಕೆ ಬಿದಿರು ಬಗ್ಗಿಸಿದೆ. ಒಂದು ಅಡಿಗೆ ನೂರು ಮೀಟರ್ ಲೆಕ್ಕ. ಮೇಲೆ ಕೆಮ್ಮಣ್ಣಿನ ನೀರು ಬಳಿದ ಗೋಣಿತಾಟು. ಗೋಣಿಯ ಕೆಳಗೆ ಅರ್ಧ ಅಡಿಗೊಂದು ದಾರ ಕಟ್ಟಿ ಚೌಕ ಮಾಡಿದ್ದೇನೆ. ಒಬ್ಬ ಹುಡುಗ ತಲೆಗೆ ಟಾರ್ಚ್ ಕಟ್ಟಿಕೊಂಡು ಒಳಗೆ ಕೂತು, ಹೇಳಿದ ಚೌಕದಲ್ಲಿ ಪೈಪಿನ ರಬ್ಬರ್ ಬಲ್ಬ್ ಒತ್ತಿ ಗೋಣಿಯ ಮೇಲೆ ಹೊಗೆ ಏಳಿಸುತ್ತಾನೆ. ಬಿಪಿ ನೋಡುವ ಹಳೇ ಮಷೀನಿನ ಬಲ್ಬ್ ಅದು.

ಸತಾಯಿಸಿದ್ದು ಹೊಗೆ. ಟಾಲ್ಕಮ್ ಪೌಡರ್ ಮಳೆಗಾಲದ ತೇವಕ್ಕೆ ಗಂಟುಕಟ್ಟಿ ಪೈಪಿನಲ್ಲೇ ಕೂತಿತು. ಲೋಭಾನದ ಹೊಗೆ ಗೋಣಿಯ ಅಡಿಯಲ್ಲೆಲ್ಲ ಹರಡಿ ಇಡೀ ಕಣಿವೆಯನ್ನು ಮುಚ್ಚಿತು. ಜೋಳದ ಹಿಟ್ಟು ಚೆನ್ನಾಗಿ ಹಾರಿತು, ಆದರೆ ರಾತ್ರಿ ಇಲಿಗಳು ಗೋಣಿಯನ್ನೇ ಕಡಿದವು. ಮದುವೆಗೆ ತರುವ ಫಾಗ್ ಮಷೀನನ್ನು ಬಾಡಿಗೆಗೆ ತಂದೆ, ದಿನಕ್ಕೆ ಸಾವಿರದ ಹತ್ತಿರ. ಅದೂ ದಂಡ. ಕೊನೆಗೆ ಕೈಹಿಡಿದದ್ದು ಎರಡು ಪುಡಿಗಳ ಮಿಶ್ರಣ, ಬಾಣಲೆಯಲ್ಲಿ ಹುರಿದದ್ದು. ಯಾವ ಪುಡಿ, ಎಷ್ಟು ಪಾಲು ಅನ್ನೋದು ನನ್ನ ಹತ್ತಿರವೇ ಇರಲಿ. ಡ್ರಿಪ್ ಪೈಪಿನ ತುದಿಗೆ ಕಟ್ಟಿದ್ದೇನು ಅನ್ನೋದೂ ಹಾಗೇ. ಒಟ್ಟು ಏಳು ಸಾವಿರದ ಆಸುಪಾಸು ಹೋಯಿತು, ಅರ್ಧಕ್ಕರ್ಧ ಹೊಗೆಗೇ.

ಗುಡ್ಡಕ್ಕೆ ತೋಲೋಲಿಂಗಿನ ರೂಪ ಕೊಟ್ಟೆ. ಕಾರ್ಗಿಲ್ ಯುದ್ಧದಲ್ಲಿ 1999ರ ಜೂನ್ 13ರಂದು 2 ರಾಜಪುತಾನಾ ರೈಫಲ್ಸ್ ಗೆದ್ದ ಶಿಖರ. ಬೋಫೋರ್ಸ್ ತೋಪನ್ನು ನೇರ ಗುರಿಯಿಟ್ಟು ಹೊಡೆದ ಯುದ್ಧ ಅದು. ಬಿಳಿ ಕಲ್ಲುಗಳು ನಮ್ಮ ಕಾಲಾಳುಗಳು. ಅವು ಒಂದೊಂದೇ ಇಂಚು ಮೇಲೇರುವಾಗ ಹೊಗೆ ಮುಂದೆ ಬೀಳುತ್ತಾ ಹೋಗಬೇಕು. ಕೊನೆಯಲ್ಲಿ ಫೈರ್ ಎತ್ತಬೇಕು, ಅಂದರೆ ನಮ್ಮವರ ಮೇಲೆ ಬೀಳದ ಹಾಗೆ ನಿಲ್ಲಿಸಬೇಕು. ಹುಡುಗರೆಲ್ಲ ಹೆದರಿ ಬೇಗ ಎತ್ತುತ್ತಾರೆ. ಗುಂಡು ನಿಂತು ಜವಾನ ಬಂಕರ್ ಮುಟ್ಟುವ ನಡುವಿನ ಹೊತ್ತಿನಲ್ಲಿ ಶತ್ರು ತಲೆ ಎತ್ತುತ್ತಾನೆ, ಮಷೀನ್ ಗನ್ ಶುರುವಾಗುತ್ತದೆ. ಆ ಹೊತ್ತನ್ನು ಕಡಿಮೆ ಮಾಡೋದೇ ನಮ್ಮ ಕೆಲಸ. ಇದೊಂದನ್ನು ಕಲಿಸಲಿಕ್ಕೆ ಇಷ್ಟೆಲ್ಲ ಕಟ್ಟಿದೆ ಅಂದರೂ ತಪ್ಪಿಲ್ಲ.

ಗುಡ್ಡದ ಹಿಂಬದಿಗೆ ಹೊಡೆಯೋದನ್ನು ತೋರಿಸಲು ತೋಟದ ಪೈಪ್ ಹಿಡಿದೆ. ಕೆಳ ಕೋನದ ನೀರು ದರೆಗೆ ಬಡಿಯಿತು. ಮೇಲ್ ಕೋನದ್ದು ದರೆ ದಾಟಿ ಹಿಂದಿನ ಬಾಳೆ ಬುಡಕ್ಕೇ ಬಿತ್ತು. ಬೋರ್ಡಿನ ಮೇಲೆ ಎಷ್ಟು ಗೀಚಿದರೂ ಆಗದ ಪಾಠ ಐದು ನಿಮಿಷದಲ್ಲಿ ಮುಗಿಯಿತು. ಕಾರ್ಗಿಲ್ ಎತ್ತರದ ತೆಳು ಗಾಳಿಯಲ್ಲಿ ಗುಂಡು ಲೆಕ್ಕಕ್ಕಿಂತ ದೂರ ಹೋಗೋದನ್ನು ಮಾತ್ರ ಬಾಯಲ್ಲೇ ಹೇಳಬೇಕು.

ತೋಪು ಹೊಡೆಯುವಾಗಲೇ ನಮ್ಮ ವಿಮಾನವೂ ಬಂದರೆ ಏನು ಅಂತ ತೋರಿಸಲು ದಾರ ಸಾಕು. ತೋಪಿನಿಂದ ಗುರಿಗೆ ಕಮಾನಿನ ಹಾಗೆ ಬಗ್ಗಿಸಿದ ತಂತಿ ಗುಂಡಿನ ದಾರಿ, ಅದಕ್ಕೆ ಅಡ್ಡ ಇನ್ನೊಂದು ದಾರದಲ್ಲಿ ಕಾಗದದ ವಿಮಾನ. ಎರಡೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಇರಕೂಡದು. ಇಲ್ಲಾ ತೋಪು ನಿಲ್ಲಬೇಕು, ಇಲ್ಲಾ ವಿಮಾನ ಬದಿಗೆ ಹೋಗಬೇಕು. 1999ರ ಮೇ 26ಕ್ಕೆ ವಾಯುಪಡೆ ದಾಳಿ ಶುರುಮಾಡಿತು. 27, 28ರಂದು ಎರಡು ಮಿಗ್ ವಿಮಾನ, ಒಂದು ಎಂಐ-17 ಹೆಲಿಕಾಪ್ಟರ್ ನಷ್ಟವಾದವು. ಆಮೇಲೆ ಭುಜದ ಮೇಲಿಂದ ಹಾರಿಸುವ ಕ್ಷಿಪಣಿಗೆ ಸಿಗದಷ್ಟು ಎತ್ತರದಿಂದ ಹೊಡೆದರು. ಮಿರಾಜ್ 2000 ವಿಮಾನ ಲೇಸರ್ ಬಾಂಬ್ ತಂದಿತು, ಗುರಿಯ ಮೇಲಿಟ್ಟ ಲೇಸರ್ ಚುಕ್ಕಿ ಹಿಡಿದು ಬೀಳುವ ಬಾಂಬ್. ಹುಡುಗರು ಲೇಸರ್ ಪೆನ್ ಹಿಡಿದು ಬಂಕರ್ ಮೇಲೆ ಕೈ ಅಲುಗದಂತೆ ಚುಕ್ಕಿ ಇಡಬೇಕು. ಅರ್ಧ ನಿಮಿಷ ಇಡೋದೂ ಸುಲಭ ಅಲ್ಲ.

ಮೊದಮೊದಲು ಹತ್ತು ಹನ್ನೆರಡು ಗುಂಡು ಬೇಕಾಗಿದ್ದ ಹುಡುಗರು ಈಗ ನಾಲ್ಕೈದರಲ್ಲಿ ಬ್ರಾಕೆಟ್ ಮುಗಿಸಿ (ಗುರಿಯ ಆಚೆ ಈಚೆ ಹೊಡೆದು ನಡುವಿನ ಅಂತರ ಕಿರಿದು ಮಾಡಿ) ಫೈರ್ ಫಾರ್ ಇಫೆಕ್ಟ್, ಅಂದರೆ ಗುರಿ ಮುರಿಯುವ ಪೂರ್ತಿ ಹೊಡೆತ, ಕೇಳುತ್ತಾರೆ. ಸುಬೇದಾರ್ ಸಾಹೇಬರೂ ಬಂದು ಮಧ್ಯಾಹ್ನದ ತನಕ ಕೂತರು. "ಆಡ್ 200, ಡ್ರಾಪ್ 100" (ಇನ್ನೂರು ಮೀಟರ್ ಆಚೆ, ನೂರು ಮೀಟರ್ ಈಚೆ) ಎಂದು ತಾವೇ ಕೂಗಿದರು. ಈಗ ಕಾರವಾರದ ಹುಡುಗರನ್ನು ಅವರೇ ಕಳಿಸುತ್ತಾರೆ.

ಮುಂದೆ ಕಟ್ಟುವ ಮಾದರಿ ಆ ಹುಡುಗರಿಗಾಗಿಯೇ. 1948ರ ಏಪ್ರಿಲ್‌ನಲ್ಲಿ ಕಾರವಾರದ ಹತ್ತಿರದ ಚೆಂಡಿಯಾದ ಸೇನಾಧಿಕಾರಿ ರಾಮ ರಾಘೋಬ ರಾಣೆ ಮಾರ್ಟರ್ ಗುಂಡುಗಳ ನಡುವೆ ಮೈನ್ ತೆಗೆದು ಟ್ಯಾಂಕ್‌ಗಳಿಗೆ ದಾರಿ ಬಿಡಿಸಿದ ನೌಶೇರಾ–ರಜೌರಿ ರಸ್ತೆ. ಇದು ಇಪ್ಪತ್ತಡಿಯಾದರೂ ಬೇಕು. ಹಳೇ ಗೋಣಿ ಇದ್ದವರು ಇಟ್ಟಿರಿ, ಬಂದು ಒಯ್ಯುತ್ತೇನೆ. ಇಲಿ ಕಡಿದದ್ದು ಬೇಡ.