ನಿಂತ ಕಾರಿನ ಬ್ರೇಕ್ ಎಲ್ಲಿ ಹಿಡಿದಿದೆ? ನಾನು ಹುಡುಕಿದ ಬಗೆ

ನಮ್ಮ ಕಾಕಾ ಮಳೆಗಾಲ ಪೂರ್ತಿ ಹೈದರಾಬಾದಿನಲ್ಲಿ ಮಗಳ ಮನೆಯಲ್ಲಿದ್ದರು. ಅವರ ಚಿಕ್ಕ ಕಾರು ಬೀದರಿನ ಮನೆ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತ್ತು, ಹ್ಯಾಂಡ್ ಬ್ರೇಕ್ ಎಳೆದೇ ಇತ್ತು. ದಸರೆಗೆ ಬಂದು ಹೊರಗೆ ತೆಗೆಯಲು ಹೋದರೆ ಕಾರು ಜಪ್ಪಯ್ಯ ಅಂದರೂ ಕದಲಲಿಲ್ಲ. "ನೀನೇ ಒಮ್ಮೆ ನೋಡಪಾ" ಎಂದರು.

ಪೆಡಲ್ ಗಟ್ಟಿಯಾಗುವುದು ಬೇರೆ, ಚಕ್ರ ಹಿಡಿದುಕೊಳ್ಳುವುದು ಬೇರೆ. ಮೊದಲು ಪೆಡಲ್ ನೋಡಿದೆ. ಎಂಜಿನ್ ಬಂದ್ ಇಟ್ಟು, ಗಟ್ಟಿಯಾಗುವ ತನಕ ಮತ್ತೆ ಮತ್ತೆ ಒತ್ತಿದೆ. ಕಾಲು ಹಾಗೇ ಇಟ್ಟು ಎಂಜಿನ್ ಚಾಲೂ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಿತು. ಹಾಗಾದರೆ ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಸರಿ ಇದೆ. ಇಳಿಯದಿದ್ದರೆ ಬೂಸ್ಟರ್, ಎಂಜಿನ್ನಿನಿಂದ ಅದಕ್ಕೆ ಬರುವ ವ್ಯಾಕ್ಯೂಮ್ ಪೈಪ್, ಅದರ ವಾಲ್ವ್ ನೋಡಬೇಕಿತ್ತು.

ಇನ್ನು ಚಕ್ರಗಳು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಇಳಿಸಿ, ಹಿಂದೆ ಜಾಕ್ ಹಾಕಿದೆ. ಜಾಕ್ ಒಂದನ್ನೇ ನಂಬಬಾರದು, ಸ್ಟ್ಯಾಂಡ್ ಬೇಕೇ ಬೇಕು. ಬಲಗಡೆ ಚಕ್ರ ಅಲುಗಲೇ ಇಲ್ಲ. ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಸಡಿಲ ಮಾಡಿದರೂ ಅಷ್ಟೇ. ತಪ್ಪು ಕೇಬಲ್ಲಿನದಲ್ಲ, ಒಳಗಿನ ಬ್ರೇಕ್ ಶೂ ತುಕ್ಕು ಹಿಡಿದು, ಅದು ಒತ್ತುವ, ಚಕ್ರದೊಂದಿಗೆ ತಿರುಗುವ ಡ್ರಮ್ಮಿಗೆ ಅಂಟಿದೆ. ನಮ್ಮ ಬೀದರಿನ ಕೆಂಪು ಕಲ್ಲಿನ ನೆಲ ಮಳೆ ನೀರನ್ನು ಚೆನ್ನಾಗಿ ಕುಡಿಯುತ್ತದೆ. ಪಕ್ಕದ ನೌಬಾದಿನ ಸುರಂಗ ಬಾವಿಗೆ, ಅಂದರೆ ನೆಲದಡಿ ತೋಡಿದ ಹಳೆಯ ಕಾಲುವೆಗೆ, ನೀರು ಬರುವುದೂ ಆ ಗುಣದಿಂದಲೇ ಅಲ್ವಾ? ಆ ತೇವ ನೆಲದಿಂದ ಎದ್ದು ತಾಡಪತ್ರಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬಹಳ ದಿನ ನಿಲ್ಲಿಸುವ ಕಾರಿಗೆ ಹ್ಯಾಂಡ್ ಬ್ರೇಕ್ ಬೇಡ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಚಕ್ರ ಬಿಚ್ಚಿ, ಕಟ್ಟಿಗೆ ತುಂಡು ಇಟ್ಟು ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಬಡಿದೆ. ಟಕ್ ಎಂದು ಬಿಟ್ಟಿತು. ಒಳಗಿನ ಧೂಳನ್ನು ಊದಬಾರದು, ಎದೆಗೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿದೆ.

ಮುಂದಿನ ಎಡ ಚಕ್ರವೇ ನಿಜವಾಗಿ ತಲೆ ತಿಂದದ್ದು. ಕೈಯಿಂದ ತಿರುಗಿಸಿದರೆ ತಿರುಗುತ್ತಿತ್ತು. ಪೆಡಲ್ ಒಮ್ಮೆ ಒತ್ತಿ ಬಿಟ್ಟರೆ ಹಿಡಿದುಕೊಂಡೇ ಇರುತ್ತಿತ್ತು. ಪರಿಚಯದ ಮಿಸ್ತ್ರಿಗೆ ಫೋನ್ ಮಾಡಿದೆ. "ಕ್ಯಾಲಿಪರ್ ಹೋಗಿದೆ, ಹೊಸದು ಹಾಕ್ರಿ" ಎಂದರು. ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಭಾಗವೇ ಕ್ಯಾಲಿಪರ್. ಸುಮ್ನೆ ದುಡ್ಡು ಹಾಕುವ ಮೊದಲು ಒಂದು ಪರೀಕ್ಷೆ ಮಾಡಿದೆ. ಚಕ್ರ ಹಿಡಿದಿರುವಾಗಲೇ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ ಬಿಚ್ಚಿದೆ. ಬ್ರೇಕ್ ಆಯಿಲ್ ಚಿಮ್ಮಿತು, ಚಕ್ರ ಬಿಟ್ಟಿತು. ಕ್ಯಾಲಿಪರಿನೊಳಗೆ ಒತ್ತುವ ಪಿಸ್ಟನ್ನೇ ಜಾಮ್ ಆಗಿದ್ದರೆ ಚಕ್ರ ಹೀಗೆ ಬಿಡುವುದಿಲ್ಲ. ಒತ್ತಡ ಹಿಂದೆ ಹೋಗಲಾರದೆ ಅಲ್ಲೇ ಉಳಿದಿತ್ತು.

ಉಳಿಯುತ್ತಿರುವುದು ಎಲ್ಲಿ? ನಿಪ್ಪಲ್ ಬಿಗಿ ಮಾಡಿ, ಪೆಡಲ್ ಒತ್ತಿ ಬಿಟ್ಟೆ. ಚಕ್ರ ಮತ್ತೆ ಹಿಡಿಯಿತು. ಈ ಸಲ ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸಿಗಿಂತ ಮೇಲೆ, ಕಬ್ಬಿಣದ ಪೈಪ್ ಸೇರುವ ನಟ್ ಸಡಿಲಿಸಿದೆ. ಚಕ್ರ ಬಿಡಲಿಲ್ಲ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆ ತಪ್ಪಿದ್ದರೆ ಇಲ್ಲೇ ಬಿಡಬೇಕಿತ್ತು. ಆದ್ದರಿಂದ ತಪ್ಪು ಹೋಸಿನದೇ. ಹೊರಗೆ ಬಿರುಕೂ ಇಲ್ಲ, ಒಳಗಿನ ರಬ್ಬರ್ ಉಬ್ಬಿ ದಾರಿ ಮುಚ್ಚಿತ್ತು. ಕಾಲಿನ ಬಲಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ, ವಾಪಸ್ ಬರುವಾಗ ತಳ್ಳುವ ಬಲವಿಲ್ಲ. ಮುಂದಿನ ಎರಡೂ ಹೋಸ್ ಬದಲಿಸಿದೆ, ಒಂದರಷ್ಟೇ ವಯಸ್ಸು ಇನ್ನೊಂದಕ್ಕೂ ಆಗಿದೆ. ಕ್ಯಾಲಿಪರ್ ಹಾಗೇ ಉಳಿಯಿತು.

ಬಲಗಡೆ ಕ್ಯಾಲಿಪರ್ ಜಾರುವ ಪಿನ್‌ಗಳು ಒಣಗಿದ್ದವು. ಅವುಗಳಿಗೆ ಸಿಲಿಕೋನ್ ಗ್ರೀಸಿನಂಥ, ರಬ್ಬರಿಗೆ ಒಗ್ಗುವ ಗ್ರೀಸ್ ಹಾಕಬೇಕು, ಸಾದಾ ಗ್ರೀಸ್ ರಬ್ಬರನ್ನು ಉಬ್ಬಿಸುತ್ತದೆ.

ಬ್ರೇಕ್ ಆಯಿಲ್ ಕಪ್ಪಾಗಿತ್ತು. ಅದು ಗಾಳಿಯ ತೇವ ಹೀರುತ್ತದೆ, ಹೀರಿದರೆ ಬೇಗ ಕುದಿಯುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಅದರ ಕುದಿಯುವ ಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ತೇವ ಹೀರಿದ ಮೇಲೆ ಮಾನದಂಡ ಕೇಳುವುದು 155 ಡಿಗ್ರಿ ಮಾತ್ರ. ಪೂರ್ತಿ ಹೊಸದು ತುಂಬಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನೊಳಗಿನ ಏರ್ ತೆಗೆದೆ.

ಆಮೇಲೆ ಹುಮನಾಬಾದ್ ರಸ್ತೆಯಲ್ಲಿ ಬ್ರೇಕ್ ಆದಷ್ಟು ಕಡಿಮೆ ಹಿಡಿದು ಓಡಿಸಿ, ನಿಲ್ಲಿಸಿ ಪ್ರತಿ ಚಕ್ರದ ಹತ್ತಿರ ಕೈ ತಂದು ನೋಡಿದೆ. ಎಡ ಬಲ ಎರಡೂ ಒಂದೇ ಬಿಸಿ ಇದ್ದವು. ಹೋಸಿನ ಜೋಡಣೆಗಳಲ್ಲೂ ಒಂದು ಹನಿ ಆಯಿಲ್ ಜಿನುಗಿರಲಿಲ್ಲ. ಕಾಕಾನ ಕೈಗೆ ಕೀಲಿ ಕೊಟ್ಟೆ.